ಅಜ್ಜಿಯ ಗಂಟಿನಲ್ಲಿದ್ದ ಲೆಕ್ಕ

ಮನೆಯಲ್ಲಿ ಸಾವು ಸಂಭವಿಸಿದಾಗ ದುಃಖವು ಮೊದಲು ಬರುವದು, ಲೆಕ್ಕವು ಅದರ ಬೆನ್ನ ಹಿಂದೆಯೇ ಬರುವದು. ಸತ್ತವನು ವೈತರಣಿಯನ್ನು ದಾಟುವದಕ್ಕೆ ಗೋದಾನ ಮಾಡಬೇಕೆಂದು ನಮ್ಮ ಹಿರಿಯರು ವಿಧಿಸಿದರು. ಬದುಕಿ ಉಳಿದವರು ಕೋರ್ಟಿನ ಹೊಸ್ತಿಲನ್ನು ದಾಟುವದಕ್ಕೆ ಸ್ಟ್ಯಾಂಪಿನ ದಾನ ಮಾಡಬೇಕೆಂದು ಆಂಗ್ಲ ಸರಕಾರವು ವಿಧಿಸಿತು. ಮೊದಲನೆಯದನ್ನು ಬಡವರು ಒಂದು ತೆಂಗಿನಕಾಯಿಯಲ್ಲಿಯೂ ತೀರಿಸಬಹುದಾಗಿತ್ತು. ಎರಡನೆಯದರಲ್ಲಿ ಅಂಥ ರಿಯಾಯತಿ ಇರಲಿಲ್ಲ.

ಈ ಮಾತುಗಳನ್ನು ಬರೆಯುವದಕ್ಕೆ ನಮಗೆ ಕಾರಣವಾದದ್ದು ಒಂದು ಹಳೆಯ ಬಟ್ಟೆಯ ಗಂಟು. ನಮ್ಮ ತೀರ್ಥರೂಪರು 1987ರಲ್ಲಿ ಕಾಲವಾದರು. ಅವರು ಬ್ಯಾಂಕಿನಲ್ಲಿ ಇಟ್ಟಿದ್ದ ಸ್ವಲ್ಪ ಹಣಕ್ಕೆ ಯಾರ ಹೆಸರನ್ನೂ ಸೂಚಿಸಿರಲಿಲ್ಲ. ವಾರಸುದಾರರೆಂಬುದಕ್ಕೆ ನ್ಯಾಯಾಲಯದ ಪತ್ರವನ್ನು ತರಬೇಕೆಂದು ಬ್ಯಾಂಕಿನವರು ಹೇಳಿದರು. ಅದಕ್ಕೆ ಬೇಕಾದ ಕಾಗದಗಳನ್ನು ಹುಡುಕುತ್ತ ಅಟ್ಟದ ಮೇಲಿನ ಸಂದುಕವನ್ನು ತೆಗೆದಾಗ, ಅದರ ತಳದಲ್ಲಿ ನಮ್ಮ ಅಜ್ಜಿಯ ಹಳೆಯ ಸೀರೆಯ ಸೆರಗಿನ ತುಂಡಿನಲ್ಲಿ ಕಟ್ಟಿಟ್ಟ ಗಂಟೊಂದು ಸಿಕ್ಕಿತು. ಬಿಚ್ಚಿ ನೋಡಲು, ನಾವು ಹುಡುಕುತ್ತಿದ್ದಂಥ ಪತ್ರವೇ ಅದರಲ್ಲಿತ್ತು. ಆದರೆ ಅದು ತಂದೆಯದಲ್ಲ, ಅಜ್ಜನದು. 1919ನೆಯ ಇಸವಿಯದು. ಅರವತ್ತೆಂಟು ವರ್ಷಗಳ ಹಿಂದೆ ಅಜ್ಜಿಯು ನಿಂತ ಬಾಗಿಲಿನಲ್ಲಿಯೇ ನಾವೂ ಬಂದು ನಿಂತಿದ್ದೆವು.

ನಮ್ಮ ಅಜ್ಜನು ಮುಂಬಯಿ ಇಲಾಖೆಗೆ ಸೇರಿದ್ದ ಕನ್ನಡ ಜಿಲ್ಲೆಯೊಂದರ ಹಳ್ಳಿಯಲ್ಲಿ ಶಾಲಾ ಮಾಸ್ತರನಾಗಿದ್ದನು. ಅಣ್ಣನಿಂದ ಬೇರೆಯಾಗಿ ಒಂದಿಷ್ಟು ಹೊಲವನ್ನು ಪಡೆದಿದ್ದನು. ಪಗಾರದಲ್ಲಿ ಉಳಿಸಿದ್ದನ್ನೂ, ಬೇಸಗೆಯಲ್ಲಿ ಅರ್ಜಿ ದಸ್ತಾವೇಜುಗಳನ್ನು ಬರೆದು ಗಳಿಸಿದ್ದನ್ನೂ ಪರಿಚಯದವರಿಗೆ ಬಡ್ಡಿಗೆ ಕೊಡುತ್ತಿದ್ದನು. 1918ರಲ್ಲಿ ಮಳೆ ಕೈಕೊಟ್ಟಿತು, ಧಾರಣಿಗಳು ಏರಿದವು, ಆ ಮೇಲೆ ಇನ್‌ಫ್ಲುಯೆಂಝಾ ಬಂದಿತು. ನಮ್ಮ ದೇಶದಲ್ಲಿ ಕೋಟಿಗೂ ಮೀರಿ ಜನರನ್ನು ಕೊಂಡೊಯ್ದ ಆ ಬೇನೆಯು ಅಕ್ಟೋಬರದಲ್ಲಿ ನಮ್ಮ ಅಜ್ಜನನ್ನು ನಾಲ್ಕೇ ದಿನಗಳಲ್ಲಿ ಕೊಂಡೊಯ್ದಿತು. ಆಗ ಅಜ್ಜಿಗೆ ಇಪ್ಪತ್ತಾರು ವರ್ಷ. ನಮ್ಮ ತಂದೆಗೆ ಒಂಬತ್ತು. ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಮಗ್ಗಿಯು ಇಪ್ಪತ್ತರ ವರೆಗೆ ಬಾಯಿಪಾಠವಾಗಿತ್ತೆಂದೂ, ಬಡ್ಡಿಯ ಲೆಕ್ಕದಲ್ಲಿ ವಕೀಲರ ಕಾರಕೂನನನ್ನು ಎರಡು ಸಲ ತಿದ್ದಿದ್ದಳೆಂದೂ ತಂದೆಯವರು ಹೇಳುತ್ತಿದ್ದರು.

ಹೊಲದ ವಿಷಯದಲ್ಲಿ ಆಕೆಗೆ ತೊಂದರೆಯಾಗಲಿಲ್ಲ. ಪಿತ್ರಾರ್ಜಿತವಾದ ಹೊಲದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಇರುವದರಿಂದ, ತಂದೆ ಸತ್ತರೆ ಅದು ಉಳಿದವನಿಗೆ ತಾನಾಗಿಯೇ ನಿಲ್ಲುವದೆಂದು ನಮ್ಮ ಧರ್ಮಶಾಸ್ತ್ರದ ಮಿತಾಕ್ಷರದ ಮತ. ಕೋರ್ಟುಗಳೂ ಅದನ್ನೇ ನಡೆಯಿಸಿದವು. ಊರ ಕುಲಕರ್ಣಿಗೆ ವರ್ದಿ ಕೊಟ್ಟು, ಹಕ್ಕುಗಳ ದಾಖಲೆಯಲ್ಲಿ ಮಗನ ಹೆಸರನ್ನು ಹಚ್ಚಿಸಿದ್ದಾಯಿತು. ಸುಂಕವಿಲ್ಲ, ಸ್ಟ್ಯಾಂಪಿಲ್ಲ.

ತೊಡಕು ಬಂದದ್ದು ಸಾಲಪತ್ರಗಳಲ್ಲಿ. ಅವು ಅಜ್ಜನು ಸ್ವಂತ ದುಡಿದು ಗಳಿಸಿದ ಹಣದವು, ಅವನೊಬ್ಬನ ಹೆಸರಿನವು. 1889ನೆಯ ಇಸವಿಯ ಏಳನೆಯ ಕಾಯದೆಯ ಪ್ರಕಾರ, ಸತ್ತವನಿಗೆ ಬರತಕ್ಕ ಸಾಲವನ್ನು ವಾರಸುದಾರನು ದಾವೆ ಮಾಡಿ ವಸೂಲು ಮಾಡಬೇಕಾದರೆ ವಾರಸಾ ಸರ್ಟಿಫಿಕೇಟು ಬೇಕು. ದಾವೆಯನ್ನು ಹಾಕಬಹುದು, ಆದರೆ ಸರ್ಟಿಫಿಕೇಟು ಹಾಜರಾಗದ ಹೊರತು ಕೋರ್ಟು ಹುಕುಮನಾಮೆಯನ್ನು ಕೊಡಲಾರದು. ಸರ್ಟಿಫಿಕೇಟಿಗೆ ಸುಂಕವುಂಟು. 1870ರ ಕೋರ್ಟು ಫೀ ಕಾಯದೆಯ ಮೊದಲನೆಯ ಪಟ್ಟಿಯ ಹನ್ನೆರಡನೆಯ ಕಲಮಿನಲ್ಲಿ ಅದರ ದರವನ್ನು ಹೇಳಿದ್ದರು: ಸರ್ಟಿಫಿಕೇಟಿನಲ್ಲಿ ಬರೆಯಿಸಿದ ಸಾಲಗಳ ಮೇಲೆ ನೂರಕ್ಕೆ ಎರಡು ರೂಪಾಯಿ, ಒಮ್ಮೆ ಬಿಟ್ಟದ್ದನ್ನು ಆ ಮೇಲೆ ಸೇರಿಸಬೇಕಾದರೆ ಅದಕ್ಕೆ ನೂರಕ್ಕೆ ಮೂರು. ಮರೆತವನಿಗೂ ಮರೆಸಿದವನಿಗೂ ದಂಡ ಒಂದೇ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿತ್ತು. ವಾಚಕರು ಅದನ್ನು ಗಮನಿಸಬೇಕು. ಸರಕಾರದ ರೋಖೆಗಳಿಗೂ ಕಂಪನಿಯ ಪಾಲುಗಳಿಗೂ ಆ ದಿನದ ಪೇಟೆಯ ಧಾರಣಿಯನ್ನು ಹಿಡಿಯುತ್ತಿದ್ದರು. ಬೆಲೆ ಇಳಿದಿದ್ದರೆ ಸುಂಕವೂ ಇಳಿಯುವದು. ಸಾಲಕ್ಕೆ ಮಾತ್ರ ಹಾಗಲ್ಲ. ಅರ್ಜಿ ಮಾಡಿದ ದಿನದ ವರೆಗೆ ಬಡ್ಡಿಯನ್ನು ಕೂಡಿಸಿ ಆದ ಪೂರ್ಣ ರಕಮಿನ ಮೇಲೆ ಸುಂಕ. ಸಾಲಗಾರನು ಕೊಡಬಲ್ಲನೋ, ದಿವಾಳಿಯ ಅಂಚಿನಲ್ಲಿದ್ದಾನೋ, ಅದನ್ನು ಕಾಯದೆಯು ಕೇಳುತ್ತಿರಲಿಲ್ಲ. ಅಲ್ಲದೆ ಈ ಹಣವನ್ನು ಅರ್ಜಿಯ ಜೊತೆಗೇ ಠೇವಣಿ ಇಡಬೇಕು. ಅರ್ಜಿಯು ಮಂಜೂರಾದರೆ ನ್ಯಾಯಾಧೀಶರು ಅದರಿಂದಲೇ ಸ್ಟ್ಯಾಂಪು ಕೊಳ್ಳಿಸುವರು. ನಾಮಂಜೂರಾದರೆ ತಿರುಗಿ ಕೊಡುವರು. ಅಂದರೆ ಒಂದು ರೂಪಾಯಿಯೂ ಕೈಗೆ ಬರುವ ಮುಂಚೆ, ಬರಬಹುದಾದ ಎಲ್ಲ ರೂಪಾಯಿಗಳ ಪಾಲನ್ನು ಸರಕಾರಕ್ಕೆ ಎಣಿಸಿಡಬೇಕು.

ಮೃತ್ಯುಪತ್ರ ಬರೆದಿಟ್ಟು ಸತ್ತ ಶ್ರೀಮಂತರಿಗೆ ಬೇರೆ ಪಟ್ಟಿಯುಂಟು. ಪ್ರೊಬೇಟು ಬೇಡಿದವರು ಸಾವಿರ ರೂಪಾಯಿಗೆ ಮೀರಿದ ಆಸ್ತಿಗೆ ನೂರಕ್ಕೆ ಎರಡರಂತೆ ಕೊಡಬೇಕಾಗಿತ್ತು. 1910ರಲ್ಲಿ ಹತ್ತು ಸಾವಿರಕ್ಕೆ ಮೀರಿದರೆ ಎರಡೂವರೆ, ಐವತ್ತು ಸಾವಿರಕ್ಕೆ ಮೀರಿದರೆ ಮೂರು ಎಂದು ಮೆಟ್ಟಿಲುಗಳನ್ನು ಮಾಡಿದರು. ಅದರ ನಮೂನೆಯಲ್ಲಿ ಮನೆಯಲ್ಲಿದ್ದ ನಗದು, ಪಾತ್ರೆ ಪಡಗ, ಉಡುಗೆ ತೊಡುಗೆ, ಪುಸ್ತಕ, ಬೆಳ್ಳಿಯ ಸಾಮಾನು, ಒಡವೆ ಎಂದು ಒಂದೊಂದಾಗಿ ಬೆಲೆ ಬರೆಯಬೇಕು; ಸತ್ತವನು ತೀರಿಸಬೇಕಾಗಿದ್ದ ಸಾಲವನ್ನೂ ಉತ್ತರಕ್ರಿಯೆಯ ಖರ್ಚನ್ನೂ ಇನ್ನೊಂದು ಪಟ್ಟಿಯಲ್ಲಿ ಕಾಣಿಸಿ ಕಳೆಯಬೇಕು. ಗಂಡನು ಉಟ್ಟ ಧೋತರಕ್ಕೆ ಹೆಂಡತಿಯು ಬೆಲೆ ಕಟ್ಟುವದೆಂದರೆ ಎಂಥ ಕೆಲಸವೆಂಬುದನ್ನು ಆ ನಮೂನೆಯನ್ನು ರಚಿಸಿದವರು ಯೋಚಿಸಿರಲಾರರು. ನಮ್ಮ ಅಜ್ಜಿಗೆ ಅದೊಂದು ತಪ್ಪಿತು. ಮುಂಬಯಿ ಪಟ್ಟಣದ ಹೊರಗಿನ ಹಿಂದೂಗಳಿಗೆ ಪ್ರೊಬೇಟು ಕಡ್ಡಾಯವಾಗಿರಲಿಲ್ಲ; ಮೇಲಾಗಿ ಅಜ್ಜನು ಮೃತ್ಯುಪತ್ರವನ್ನೇ ಬರೆದಿರಲಿಲ್ಲ.

ಸತ್ತವನ ಸೊತ್ತಿನ ಮೇಲೆ ಅರಸನು ಕಣ್ಣಿಡುವದು ಆಂಗ್ಲರಿಂದಲೇ ಮೊದಲಾದದ್ದಲ್ಲ. ಕಾಳಿದಾಸನ ಶಾಕುಂತಲದ ಆರನೆಯ ಅಂಕದಲ್ಲಿ, ಸಮುದ್ರವ್ಯಾಪಾರಿಯಾದ ಧನಮಿತ್ರನು ಮಕ್ಕಳಿಲ್ಲದೆ ಹಡಗು ಒಡೆದು ಸತ್ತನೆಂದೂ ಅವನ ಧನವು ಅರಸನಿಗೆ ಸೇರತಕ್ಕದ್ದೆಂದೂ ಮಂತ್ರಿಯು ಬರೆದು ಕಳುಹುವನು. ಅವನ ಹೆಂಡಿರಲ್ಲಿ ಯಾರಾದರೂ ಗರ್ಭಿಣಿ ಇರುವಳೋ ಎಂದು ದುಷ್ಯಂತನು ವಿಚಾರಿಸುವನು. ಇದ್ದಾಳೆಂದು ತಿಳಿದಾಗ, ಆ ಕೂಸಿಗೇ ಎಲ್ಲವೂ ಸೇರಲೆಂದು ಅಪ್ಪಣೆ ಮಾಡುವನು. ನಮ್ಮ ಕಾಯದೆಯು ಅರಸನಂತೆ ಎಲ್ಲವನ್ನೂ ಕೇಳಲಿಲ್ಲ. ನೂರಕ್ಕೆ ಎರಡನ್ನೇ ಕೇಳಿತು. ಆದರೆ ದುಷ್ಯಂತನಂತೆ ಒಂದು ಮಾತು ವಿಚಾರಿಸಲೂ ಇಲ್ಲ.

ಗಂಟಿನಲ್ಲಿದ್ದ ಮೊದಲನೆಯ ಕಾಗದವು ಕಾರಕೂನನ ಕೈಯಲ್ಲಿ ಬರೆದ ಪಟ್ಟಿ. ಹನ್ನೊಂದು ಹೆಸರುಗಳು, ಒಟ್ಟು, ಬಡ್ಡಿ ಸಹಿತ 4,850 ರೂಪಾಯಿ. ಅದರ ಕೆಳಗೆ ಸುಂಕ 97 ರೂಪಾಯಿ ಎಂದು ಬರೆದು ಗೀಟು ಹೊಡೆದಿದೆ. ಪಕ್ಕದಲ್ಲಿ ಇನ್ನೊಂದು ಲೆಕ್ಕ: ಎಂಟು ಹೆಸರು, 3,600; ಸುಂಕ 72. ಮೂರು ಹೆಸರುಗಳ ಎದುರಿಗೆ ಅರಿಸಿನದ ಬೊಟ್ಟು. ಅದು ಅಜ್ಜಿಯ ಬೆರಳಿನದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆ ಮೂವರನ್ನು ಆಕೆಯು ಬಿಡಿಸಿದ್ದಳು.

ಎಪ್ಪತ್ತೆರಡು ರೂಪಾಯಿ ಎಲ್ಲಿಂದ ತರಬೇಕು? ಕಣಜ ಬರಿದಾಗಿತ್ತು. ತಡ ಮಾಡುವಂತೆಯೂ ಇರಲಿಲ್ಲ. ಸಾದಾ ಸಾಲಪತ್ರಕ್ಕೆ ಮೂರು ವರ್ಷಗಳ ಮುದ್ದತ್ತು. ಕೆಲವು ಪತ್ರಗಳು 1916ರವು. ಆ ವರ್ಷ ದಾಟಿದರೆ ಅವು ಒಲೆ ಹೊತ್ತಿಸುವದಕ್ಕೆ ಮಾತ್ರ ಉಪಯೋಗ. ಅಜ್ಜಿಯು ತವರಿನವರು ಕೊಟ್ಟ ಬಿಲವರಗಳನ್ನು ಒತ್ತೆಯಿಟ್ಟು ನೂರು ರೂಪಾಯಿ ತಂದಳು. ತಿಂಗಳಿಗೆ ಒಂದು ರೂಪಾಯಿ ಬಡ್ಡಿ. ಸಾಲವನ್ನು ವಸೂಲು ಮಾಡುವದಕ್ಕಾಗಿ ಸಾಲ. 1919ರ ಫೆಬ್ರುವರಿಯಲ್ಲಿ ಮಗನ ಪಾಲಕಳೆಂದು ಜಿಲ್ಲೆಯ ನ್ಯಾಯಾಧೀಶರಿಗೆ ಅರ್ಜಿ ಹೋಯಿತು. ಸತ್ತ ದಿನ, ವಾಸದ ಊರು, ಹತ್ತಿರದ ಸಂಬಂಧಿಕರು, ಅವರ ಊರುಗಳು, ಸಾಲಗಳ ವಿವರ. ಎಲ್ಲದರ ಕೆಳಗೆ ಆಕೆಯ ಹೆಬ್ಬೆಟ್ಟು. ಕಪ್ಪು ಮಸಿಯು ಕಾಗದದ ಅಂಚಿನ ವರೆಗೆ ಹರಡಿದೆ. ಅಷ್ಟು ಒತ್ತಿ ಹಚ್ಚಿದ್ದಾಳೆ.

ಆ ಎಂಟು ಸಾಲಗಳ ಗತಿ ಏನಾಯಿತು? ಎಲ್ಲಕ್ಕೂ ದೊಡ್ಡದು ಅರಳೆಯ ವ್ಯಾಪಾರಿಯೊಬ್ಬನದು, 2,000 ರೂಪಾಯಿ. ಅದೊಂದಕ್ಕೇ ಸುಂಕ 40. ಆತನು ಸಭ್ಯನೇ, ಯುದ್ಧ ಮುಗಿದ ಮೇಲೆ ಧಾರಣಿ ಏರಿದ್ದ ಕಾಲದಲ್ಲಿ, ಸುಗ್ಗಿಗೆ ಕೊಡುವೆನೆಂದು ವಾಯಿದೆ ಹೇಳಿದನು. 1920ರ ಕೊನೆಗೆ ಅರಳೆಯ ಧಾರಣಿ ಕುಸಿಯಿತು. ಅವನ ಅಂಗಡಿಯೂ ಕುಸಿಯಿತು. ದಿವಾಳಿಯಲ್ಲಿ ರೂಪಾಯಿಗೆ ಎರಡಾಣೆಯಂತೆ 250 ರೂಪಾಯಿ ಬಂದವು. ಉಳಿದ 1,750ಕ್ಕೆ ಕಟ್ಟಿದ 35 ರೂಪಾಯಿ ಸುಂಕವನ್ನು ಯಾರೂ ತಿರುಗಿ ಕೊಡಲಿಲ್ಲ. ಬಾರದ ಹಣದ ಮೇಲೆ ತೆರಿಗೆ! ಉಳಿದ ಏಳರಿಂದ ನಾಲ್ಕು ವರ್ಷಗಳಲ್ಲಿ 1,130 ರೂಪಾಯಿ ಕೂಡಿದವು. ಬಿಲವರಗಳು ಮೂರನೆಯ ವರ್ಷ ಮನೆಗೆ ಬಂದವು.

ನಾವು ಮೊದಲು ಈ ಲೆಕ್ಕವನ್ನು ಓದಿದಾಗ ಸುಂಕದ ಮೇಲೆ ಬಹಳ ಸಿಟ್ಟಾದೆವು. ಆದರೆ ನ್ಯಾಯವನ್ನು ಎರಡೂ ಕಡೆಯಿಂದ ಹೇಳಬೇಕು. ನಮ್ಮ ತಂದೆಯ ಪತ್ರಕ್ಕಾಗಿ ಓಡಾಡಿದಾಗ, ವೃದ್ಧ ವಕೀಲರೊಬ್ಬರು ನಮಗೆ ಒಂದು ಮಾತನ್ನು ತಿಳಿಯಹೇಳಿದರು: ವಾರಸಾ ಸರ್ಟಿಫಿಕೇಟು ಮುಖ್ಯವಾಗಿ ವಾರಸುದಾರನಿಗಾಗಿ ಇದ್ದದ್ದಲ್ಲ, ಸಾಲಗಾರನಿಗಾಗಿ. ಸತ್ತವನ ಮಗನೆಂದು ಒಬ್ಬನು, ದತ್ತಕನೆಂದು ಇನ್ನೊಬ್ಬನು, ಅಣ್ಣನೆಂದು ಮತ್ತೊಬ್ಬನು ಬಂದು ಕೇಳಿದರೆ ಬಡ ಸಾಲಗಾರನು ಯಾರಿಗೆ ಕೊಡಬೇಕು? ಸರ್ಟಿಫಿಕೇಟು ಹಿಡಿದವನಿಗೆ ಪ್ರಾಮಾಣಿಕವಾಗಿ ಕೊಟ್ಟವನು ಎರಡನೆಯ ಸಲ ಕೊಡಬೇಕಾಗಿಲ್ಲ. ಅದು ಅವನ ಕವಚ. ಇದನ್ನು ಕೇಳಿದ ಮೇಲೆ ನಮ್ಮ ಸಿಟ್ಟು ಅರ್ಧ ಇಳಿಯಿತು. ಕವಚವು ಒಳ್ಳೆಯದೇ, ಅದರ ಬೆಲೆಯನ್ನು ಇಪ್ಪತ್ತಾರು ವರ್ಷದ ವಿಧವೆಯ ಬಿಲವರದಿಂದ ಮುಂಗಡ ತೆಗೆದುಕೊಂಡದ್ದು ಮಾತ್ರ ಈಗಲೂ ನಮಗೆ ಒಪ್ಪಿಗೆಯಾಗದು.

ಇನ್ನು ಅರಿಸಿನದ ಬೊಟ್ಟಿನ ಮೂವರು.

ಒಬ್ಬನು ನೇಕಾರ, 300 ರೂಪಾಯಿ. ಅವನ ಮನೆಯಲ್ಲಿ ಅದೇ ಬೇನೆಯಿಂದ ಇಬ್ಬರು ಹೋಗಿದ್ದರು. ಇನ್ನೊಬ್ಬಳು ನಮ್ಮ ಹೊಲವನ್ನು ಮಾಡುತ್ತಿದ್ದ ಒಕ್ಕಲಿಗನ ವಿಧವೆ, 150. ಇವರ ಮೇಲೆ ದಾವೆ ಮಾಡುವ ಮನಸ್ಸು ಅಜ್ಜಿಗಿರಲಿಲ್ಲ. ದಾವೆ ಮಾಡದ ಸಾಲಕ್ಕೆ ಸುಂಕವೇಕೆಂದು ಬಿಟ್ಟಳು. ದಯೆಯೂ ಕಾಟಕಸರವೂ ಒಂದೇ ಲೆಕ್ಕದಲ್ಲಿ ಕೂಡಿದ್ದವು. ಯಾವುದು ಎಷ್ಟೆಂದು ವಿಂಗಡಿಸುವದಕ್ಕೆ ನಮ್ಮಿಂದಾಗದು. ಆ ವಿಧವೆಯು ಏನನ್ನೂ ಕೊಡಲಿಲ್ಲ. ಅಜ್ಜಿಯು ಕೇಳಲೂ ಇಲ್ಲ. ನೇಕಾರನು ಮಾತ್ರ ಪ್ರತಿ ದೀಪಾವಳಿಗೂ ಬಂದು, ಹತ್ತೋ ಇಪ್ಪತ್ತೋ ರೂಪಾಯಿಗಳನ್ನು ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದನೆಂದು ತಂದೆಯವರು ಹೇಳಿದ್ದು ನೆನಪಿದೆ. ಕೋರ್ಟಿನ ದೃಷ್ಟಿಯಲ್ಲಿ ಅವನು ಸಾಲಗಾರನೇ ಅಲ್ಲ. ಅವನ ಪತ್ರದ ಮುದ್ದತ್ತು ಯಾವಾಗಲೋ ಮುಗಿದಿತ್ತು. ಗಂಟಿನಲ್ಲಿ ಅವನ ಪತ್ರವಿಲ್ಲ. ತೀರಿದ ಮೇಲೆ ಅವನ ಕೈಗೇ ಕೊಟ್ಟಿರಬೇಕು. ದಿವಾಳಿಯಾದ ವ್ಯಾಪಾರಿಯ ಪತ್ರವು, ಬೇಕಾದಷ್ಟು ಸ್ಟ್ಯಾಂಪು ಸಹಿತ, ಇನ್ನೂ ಹೊಸದರಂತೆ ಇದೆ.

ಮೂರನೆಯ ಹೆಸರು ನಮ್ಮ ದೊಡ್ಡಜ್ಜನದು. ಅಜ್ಜನ ಸ್ವಂತ ಅಣ್ಣನದು. 800 ರೂಪಾಯಿ.

ಅರ್ಜಿಯ ನೋಟೀಸು ಹತ್ತಿರದ ಸಂಬಂಧಿಕರಿಗೆ ಹೋಗುವದು ಕಾಯದೆಯ ಪದ್ಧತಿ. ದೊಡ್ಡಜ್ಜನು ತಕರಾರು ಮಾಡಬಹುದಾಗಿತ್ತು. ಲೇವಾದೇವಿಯ ಹಣವು ಬೇರೆಯಾಗುವ ಮುಂಚಿನ ಕೂಡು ಮನೆಯದೆಂದು ಹೇಳಿದ್ದರೆ, ಒಂದು ವರ್ಷವಲ್ಲ, ಹತ್ತು ವರ್ಷ ಕೋರ್ಟಿನಲ್ಲಿ ನಡೆಯುತ್ತಿತ್ತು. ಅವನು ಏನೂ ಹೇಳಲಿಲ್ಲ. ಅಜ್ಜಿಯೂ ಅವನ ಸಾಲವನ್ನು ಬರೆಯಿಸಲಿಲ್ಲ. ಇಬ್ಬರಲ್ಲಿ ಮಾತುಕತೆ ನಡೆದಿತ್ತೋ, ಇಲ್ಲವೋ, ಹೇಳುವವರು ಯಾರೂ ಉಳಿದಿಲ್ಲ. ಬಾವನ ಎದುರಿಗೆ ನಿಂತು ಮಾತಾಡುವ ರೂಢಿಯು ಆ ಕಾಲದ ಸೊಸೆಯಂದಿರಿಗೆ ಇರಲಿಲ್ಲವೆಂಬುದು ಮಾತ್ರ ನಿಜ.

ಎರಡು ವರ್ಷಗಳ ನಂತರ ನಮ್ಮ ತಂದೆಯವರು ಇಂಗ್ಲೀಷು ಶಾಲೆಗೆ ಪಟ್ಟಣಕ್ಕೆ ಹೋಗಬೇಕಾಯಿತು. ದೊಡ್ಡಜ್ಜನು ಅಲ್ಲಿ ನೌಕರಿಯಲ್ಲಿದ್ದನು. ತಂದೆಯವರು ಮ್ಯಾಟ್ರಿಕ್ ಪರೀಕ್ಷೆ ಪಾಸಾಗುವ ವರೆಗೆ ಏಳು ವರ್ಷ ಅವನ ಮನೆಯಲ್ಲಿಯೇ ಉಂಡು ಬೆಳೆದರು. ಅಂಗಿ, ಪುಸ್ತಕ, ಫೀ ಎಲ್ಲವನ್ನೂ ದೊಡ್ಡಜ್ಜನೇ ನೋಡಿಕೊಂಡನು. ತಂದೆಯವರು ಆ ಉಪಕಾರವನ್ನು ಸಾಯುವ ವರೆಗೂ ನೆನೆಯುತ್ತಿದ್ದರು. ನಮಗೆ ಪಾಠ ಹೇಳುವಾಗಲೂ, ಅವರ ಅನ್ನದ ಋಣ ನಮ್ಮ ಮನೆತನದ ಮೇಲಿದೆ ಎಂದು ಮತ್ತೆ ಮತ್ತೆ ಹೇಳುವರು. ದೊಡ್ಡಜ್ಜನ ಮಕ್ಕಳ ಲಗ್ನಗಳಲ್ಲಿ ಶಕ್ತಿ ಮೀರಿ ಮುಯ್ಯಿ ಮಾಡಿದರು. ಅವರ ಮಕ್ಕಳೊಡನೆ ಹೊಲದ ಬದುವಿನ ವ್ಯಾಜ್ಯ ಬಂದಾಗ, ತಮ್ಮದೇ ಸರಿಯೆಂದು ಗೊತ್ತಿದ್ದೂ ಬಿಟ್ಟುಕೊಟ್ಟರು. ಋಣವೆಂಬ ಮಾತಿನ ಕೆಳಗೆ ಅವರ ತಲೆ ಯಾವಾಗಲೂ ಸ್ವಲ್ಪ ಬಾಗಿಯೇ ಇತ್ತು.

ಗಂಟಿನ ತಳದಲ್ಲಿ ಎಂಟು ನೂರು ರೂಪಾಯಿಯ ಆ ಪತ್ರವನ್ನು ಓದಿದಾಗ ನಮಗೆ ಮೊದಲು ಬಂದದ್ದು ದುಃಖವಲ್ಲ, ರೋಷ. ತಂದೆಯು ತಮಗೆ ಬರತಕ್ಕ ಹಣದಲ್ಲಿಯೇ ಓದಿದರಲ್ಲ! ಇದು ಗೊತ್ತಿದ್ದರೆ ತಲೆಯೆತ್ತಿ ನಡೆಯುತ್ತಿದ್ದರಲ್ಲ! ಅಜ್ಜಿಯು 1951ರ ವರೆಗೆ ಬದುಕಿದ್ದಳು. ಮಗನಿಗೆ ಏಕೆ ಹೇಳಲಿಲ್ಲ? ಕೆಲವು ದಿನ ನಾವು ಈ ಪ್ರಶ್ನೆಯನ್ನು ಹೊತ್ತು ತಿರುಗಿದೆವು. ಆ ಮೇಲೆ ಲೆಕ್ಕ ಹಾಕಿ ನೋಡಿದೆವು. ಏಳು ವರ್ಷಗಳ ಊಟ, ಬಟ್ಟೆ, ಫೀ ಎಂಟು ನೂರನ್ನು ದಾಟುವದು. ಒಂದು ಟೈಫಾಯಿಡಿನಲ್ಲಿ ದೊಡ್ಡಜ್ಜಿಯು ನಲವತ್ತು ರಾತ್ರಿ ಕಾದದ್ದನ್ನು ಯಾವ ದರದಲ್ಲಿ ಹಿಡಿಯಬೇಕು? ಹೇಳಿದ್ದರೆ ತಂದೆಯವರು ದೊಡ್ಡಪ್ಪನ ಮನೆಯಲ್ಲಿ ಪ್ರತಿ ತುತ್ತನ್ನೂ ಎಣಿಸುತ್ತಿದ್ದರು. ಅಜ್ಜಿಗೆ ಎಣಿಸುವದು ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು; ಎಲ್ಲಿ ಎಣಿಸಬಾರದೆಂಬುದೂ ಬರುತ್ತಿತ್ತೆಂದು ಈಗ ತೋರುತ್ತದೆ. ಆದರೂ ತಂದೆಯವರ ಬಾಗಿದ ತಲೆ ನಮ್ಮ ಕಣ್ಣ ಮುಂದೆ ಇದ್ದೇ ಇದೆ. ಆ ಭಾಗದ ಲೆಕ್ಕ ಸರಿಯಾಯಿತೆಂದು ನಾವು ಹೇಳಲಾರೆವು.

ಸ್ವಾತಂತ್ರ್ಯದ ನಂತರ ನಮ್ಮದೇ ಸರಕಾರವು ಇನ್ನೊಂದು ಸುಂಕವನ್ನು ತಂದಿತು. 1953ರ ಅಕ್ಟೋಬರ 15ರಿಂದ ಎಸ್ಟೇಟ್ ಡ್ಯೂಟಿ ಜಾರಿಗೆ ಬಂದಿತು. ಆಂಗ್ಲರು ತಮ್ಮ ದೇಶದಲ್ಲಿ 1894ರಲ್ಲಿಯೇ ಹಾರ್ಕೋರ್ಟರ ಬಜೆಟ್ಟಿನಿಂದ ಮಾಡಿದ್ದನ್ನು ಇಲ್ಲಿ ಮಾಡಿರಲಿಲ್ಲ. ಮೊದಲಿಗೆ ಕೂಡು ಕುಟುಂಬದ ಪಾಲಿಗೆ ಐವತ್ತು ಸಾವಿರದ ವರೆಗೆ, ಉಳಿದ ಆಸ್ತಿಗೆ ಒಂದು ಲಕ್ಷದ ವರೆಗೆ ಮಾಫಿಯಿದ್ದುದರಿಂದ, ನಮ್ಮಂಥವರ ಮನೆಯ ಬಾಗಿಲನ್ನು ಅದು ಬಡಿಯಲಿಲ್ಲ. 1985ರ ಮಾರ್ಚ 16ರಿಂದ ಅದನ್ನು ತೆಗೆದುಹಾಕಿದರು. ದೊಡ್ಡವರ ಮೇಲಿನ ದೊಡ್ಡ ಸುಂಕವು ಮೂವತ್ತೆರಡು ವರ್ಷ ಬಾಳಲಿಲ್ಲ. ಚಿಕ್ಕವರ ಚಿಕ್ಕ ಸುಂಕವಾದ ವಾರಸಾ ಸರ್ಟಿಫಿಕೇಟಿನ ಫೀ 1870ರಿಂದ ಬಂದದ್ದು, ಕಾಯದೆಯ ಹೆಸರು 1925ರಲ್ಲಿ ಬದಲಾದರೂ, 1987ರಲ್ಲಿ ನಮ್ಮನ್ನೂ ಕಾದು ನಿಂತಿತ್ತು.

ಗೃಹಸ್ಥರಾದ ವಾಚಕರಿಗೆ ನಮ್ಮ ವಿನಂತಿಯು ಚಿಕ್ಕದು. ಬ್ಯಾಂಕಿನ ಹಣಕ್ಕೂ ವಿಮೆಗೂ ಮನೆಯವರ ಹೆಸರನ್ನು ಇಂದೇ ಬರೆಯಿಸಿರಿ. ಯಾರಿಂದ ಬರಬೇಕು, ಯಾರಿಗೆ ಕೊಡಬೇಕು ಎಂಬುದನ್ನು ಹೆಂಡತಿಗೆ ಆರೋಗ್ಯವಿದ್ದಾಗಲೇ ತಿಳಿಸಿರಿ. ನಮ್ಮ ಅಜ್ಜನು ಅಷ್ಟನ್ನು ಮಾಡಿದ್ದನು; ಆದ್ದರಿಂದಲೇ ಅಜ್ಜಿಯು ಆ ಹನ್ನೊಂದು ಹೆಸರುಗಳನ್ನು ಕಾರಕೂನನಿಗೆ ಬಾಯಿಂದ ಹೇಳಿ ಬರೆಯಿಸಲು ಶಕ್ತಳಾದಳು.

ದೊಡ್ಡಜ್ಜನ ಪತ್ರವನ್ನು ಏನು ಮಾಡಬೇಕೆಂದು ನಾವು ಬಹಳ ದಿನ ಯೋಚಿಸಿದೆವು. ಹರಿದುಹಾಕಲು ಮನಸ್ಸು ಬರಲಿಲ್ಲ; ನಮ್ಮ ಮನೆಯಲ್ಲಿಟ್ಟುಕೊಳ್ಳಲೂ ಮನಸ್ಸಾಗಲಿಲ್ಲ. ಸಾಲ ತೀರಿದಾಗ ಪತ್ರವನ್ನು ಸಾಲಗಾರನಿಗೆ ತಿರುಗಿ ಕೊಡುವದು ಅಜ್ಜಿಯ ಪದ್ಧತಿಯಾಗಿತ್ತು. ಕಳೆದ ದೀಪಾವಳಿಗೆ ದೊಡ್ಡಜ್ಜನ ಮೊಮ್ಮಗನು ನಮ್ಮಲ್ಲಿಗೆ ಬಂದಿದ್ದನು. ಅವನಿಗೂ ಈಗ ತಲೆ ನರೆತಿದೆ. ಪತ್ರದ ಬೆನ್ನ ಮೇಲೆ ಪೂರಾ ಮುಟ್ಟಿತು ಎಂದು ಬರೆದು, ತಾರೀಖು ಹಾಕಿ, ರುಜು ಮಾಡಿ ಅವನ ಕೈಗೆ ಕೊಟ್ಟೆವು. ಅವನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದನು. ಏನೂ ಕೇಳಲಿಲ್ಲ. ಮಡಚಿ ಅಂಗಿಯ ಒಳಕಿಸೆಯಲ್ಲಿ ಇಟ್ಟುಕೊಂಡು ಊಟಕ್ಕೆ ಎದ್ದನು.